ಹೆಣ್ಣು ಪಾರ್ಟಿನವರ ಕೊನೆಯ ಭಾನುವಾರ

ಆ ಒಬ್ಬ ಹಿರಿಯರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರು ನನಗೆ ಯಾವ ಕೆಡುಕನ್ನೂ ಮಾಡಿದವರಲ್ಲ. ನನ್ನ ಬಗ್ಗೆ ಒಂದು ಸಂಗತಿ ಅವರಿಗೆ ಗೊತ್ತಿತ್ತು, ಅಷ್ಟೇ. ತಿಪಟೂರಿನಲ್ಲಿ ಅದು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅವರು ಬಾಯಿ ಬಿಟ್ಟವರೂ ಅಲ್ಲ. ಆದರೆ ನನ್ನ ಜೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಿ ಬರುವಾಗ ಅವರು ನನ್ನ ಮುಖವನ್ನು ಒಂದು ಸಲ ನೋಡುತ್ತಿದ್ದರಲ್ಲ, ಆ ನೋಟ ನನಗೆ ಸೇರುತ್ತಿರಲಿಲ್ಲ.

ತುರುವೇಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಗೋಡೌನಿನಲ್ಲಿ ಅವರು ಕಾಯಿ ಸುಲಿಯುವ ಕೆಲಸಕ್ಕಿದ್ದರು. ವಯಸ್ಸು ಅರವತ್ತು ದಾಟಿತ್ತು. ವಯಸ್ಸಿನಲ್ಲಿದ್ದಾಗ ಸುತ್ತಮುತ್ತಲ ಹಳ್ಳಿಗಳ ನಾಟಕಗಳಲ್ಲಿ ರಾಣಿಯ ಪಾತ್ರವೆಂದರೆ ಅವರದೇ. ಹೆಣ್ಣು ಪಾತ್ರ ಮಾಡುವ ಇಂಥ ಗಂಡಸರನ್ನು ಹೆಣ್ಣು ಪಾರ್ಟಿನವರು ಎಂದೇ ಜನ ಕರೆಯುತ್ತಿದ್ದರು. ಆಮೇಲೆ ಊರೂರಿನವರು ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ನಟಿಯರನ್ನೇ ಕರೆಸತೊಡಗಿದರು. ಕೆಲಸ ಕಳೆದುಕೊಂಡ ಏಳು ಜನ ಹೆಣ್ಣು ಪಾರ್ಟಿನವರು ಸೇರಿಕೊಂಡು ತಮ್ಮದೇ ಒಂದು ಸಂಘ ಮಾಡಿಕೊಂಡರು. ಕೊಬ್ಬರಿ ಗೋಡೌನಿನ ಮೇಲಿನ, ಶೀಟು ಹೊದಿಸಿದ ಹಾಲ್‌ನಲ್ಲಿ ಪ್ರತಿ ಭಾನುವಾರ ಸಂಜೆ ಸೇರುವುದು, ಸೀರೆ ಉಡುವುದು, ಹಾಡುವುದು, ಕುಣಿಯುವುದು. ಕರೆದವರ ಮನೆಯ ನಾಮಕರಣಕ್ಕೆ, ಗಣಪತಿ ಪೆಂಡಾಲಿಗೆ ಹೋಗಿ ಕಾರ್ಯಕ್ರಮ ಕೊಡುವುದು. ಆ ಕಾರ್ಯಕ್ರಮಗಳ ನೋಟೀಸುಗಳನ್ನು ನಾನೇ ಹೊಡೆದುಕೊಡುತ್ತಿದ್ದೆ. ಕೊಬ್ಬರಿ ಲೋಡಿನ ಜೊತೆ ತಿಪಟೂರು ಮಾರುಕಟ್ಟೆಗೆ ಬಂದ ದಿನ ಅವರು ಅಂಗಡಿಗೂ ಬಂದು ಬರೆಸಿಕೊಂಡು ಹೋಗುತ್ತಿದ್ದರು. ನಾವಿಬ್ಬರೂ ಹೊಸಬರಂತೆ ಮಾತಾಡುತ್ತಿದ್ದೆವು. ನಾನು ಯಜಮಾನ್ರೇ ಎನ್ನುತ್ತಿದ್ದೆ. ಅವರು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಬಂದವರು, ಸಂಘ ಮುಚ್ಚುತ್ತಿದ್ದೇವೆ ಎಂದರು. ಗೋಡೌನಿನ ಮಾಲೀಕರ ಮಗನಿಗೆ ಅಲ್ಲಿ ಜಿಮ್ ಮಾಡಬೇಕಂತೆ. ಹೊಸಬರು ಯಾರೂ ಸಂಘಕ್ಕೆ ಸೇರುತ್ತಿಲ್ಲ, ಆಸೆ ಇರುವವರು ಮನೆಯಲ್ಲೇ ಕದ ಹಾಕಿಕೊಂಡು ಮೊಬೈಲಿನ ಮುಂದೆ ಕುಣಿಯುತ್ತಾರೆ. ಇದ್ದ ಏಳು ಜನರಲ್ಲಿ ಮೂವರಿಗೆ ಮಂಡಿ ನೋವು. ಕೊನೆಯ ಭಾನುವಾರ ಒಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದೇವೆ, ನೋಟೀಸು ಬೇಕು ಎಂದರು.

ನಾನು ಟೈಪ್ ಮಾಡುತ್ತಾ ಕೇಳಿದೆ. "ಕೊನೇಲಿ ಸರ್ವರಿಗೂ ಆದರದ ಸ್ವಾಗತ ಅಂತ ಹಾಕ್ಲಾ?"

"ಬ್ಯಾಡ. ಬರೋರು ಬರ್ಲಿ ಅಂತ ಹಾಕಿ."

"ಹಂಗೆ ಹಾಕಕ್ಕಾಗಲ್ಲ ಯಜಮಾನ್ರೇ."

"ಹಂಗಾರೆ ಏನೂ ಹಾಕಬ್ಯಾಡಿ. ಜಾಗ ಖಾಲಿ ಬುಡಿ."

ಖಾಲಿಯೇ ಬಿಟ್ಟೆ. ಅವರು ನೋಟೀಸಿನ ಕಟ್ಟು ಎತ್ತಿಕೊಂಡು ಹೋದ ಮೇಲೆ, ಮೇಜಿನ ಮೇಲೆ ಉಳಿದಿದ್ದ ಒಂದು ಹಾಳೆಯನ್ನು ನನ್ನ ಗೆಳೆಯ ನೋಡಿದ. ಅವನು ಪಕ್ಕದ ಬೀದಿಯಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವವನು. ದಿನಾ ಸಂಜೆ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ಹೈಸ್ಕೂಲು ಮೇಷ್ಟ್ರಾಗಿರುವ ಇನ್ನೊಬ್ಬ ಗೆಳೆಯನೂ ಬಂದು ಸೇರುತ್ತಿದ್ದ. ಕಾಲೇಜಿನ ದಿನಗಳಿಂದ ನಾವು ಮೂವರೂ ಒಟ್ಟಿಗೇ ಇದ್ದೆವು.

"ಲೇ, ಇದ್ಕೆ ಹೋಗ್ಲೇಬೇಕು ಕಣ್ಲಾ," ಎಂದ ಮೋಟರಿನವನು. "ಮುದುಕ್ರು ಸೀರೆ ಉಟ್ಕಂಡು ಅಳೋದ ನೋಡ್ಬೇಕು."

ಮೇಷ್ಟ್ರು ನಕ್ಕ. ನನಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಬರುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹೂಂ ಎಂದೆ.

ನನ್ನ ಸಂಗತಿ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಆಗ ನನಗೆ ಹತ್ತೊಂಬತ್ತು ವರ್ಷ. ಪಿಯುಸಿಯಲ್ಲಿ ಫೇಲಾಗಿ, ಅಪ್ಪನ ಕಣ್ಣಿಗೆ ಬೀಳಬಾರದೆಂದು ತುರುವೇಕೆರೆ ಕಡೆಯ ಸೋದರಮಾವನ ಊರಿನಲ್ಲಿ ಬೇಸಿಗೆ ಕಳೆಯುತ್ತಿದ್ದೆ. ಆ ಊರಿನ ನಾಟಕದಲ್ಲಿ ಸಖಿಯ ಪಾತ್ರ ಮಾಡಬೇಕಿದ್ದವನಿಗೆ ಜ್ವರ ಬಂತು. ರಾಣಿಯ ಪಾತ್ರ ಮಾಡಲು ಬಂದಿದ್ದ ಇವರು ನನ್ನನ್ನು ಕಂಡು, "ಈ ಹುಡುಗನ್ನ ಕೊಡಿ, ಎಂಟು ದಿನದಲ್ಲಿ ತಯಾರು ಮಾಡ್ತೀನಿ" ಎಂದರು. ತೋಟದ ಮನೆಯ ಅಂಗಳದಲ್ಲಿ ನನಗೆ ನಡೆಯುವುದನ್ನು ಕಲಿಸಿದರು. ಎಡಗಾಲು ಮೊದಲು, ಹಿಮ್ಮಡಿ ನೆಲಕ್ಕೆ ತಾಗಬಾರದು, ಸೊಂಟವನ್ನು ತಿರುಗಿಸಬಾರದು, ಅದು ತಾನಾಗಿ ತಿರುಗಬೇಕು. ಸೆರಗು ಹೊದೆಯುವಾಗ ಕೈಯ ಕಡೆ ನೋಡಬಾರದು. ಎಂಟನೇ ದಿನ ಬಣ್ಣ ಹಚ್ಚಿ, ಕನ್ನಡಿ ಹಿಡಿದು, "ಚೆನ್ನಾಗಿ ಕಾಣ್ತೀಯ ಕಣೇ" ಎಂದರು. ಚೆನ್ನಾಗಿಯೇ ಕಾಣುತ್ತಿದ್ದೆ. ಅಂಥ ಖುಷಿ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಆ ಬೇಸಿಗೆಯಲ್ಲಿ ಮೂರು ಊರುಗಳಲ್ಲಿ ಪಾತ್ರ ಮಾಡಿದೆ. ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ.

ತಿಪಟೂರಿಗೆ ವಾಪಸು ಬಂದು ಪರೀಕ್ಷೆ ಕಟ್ಟಿ, ಕಾಲೇಜು ಸೇರಿದೆ. ಒಂದು ದಿನ ಬಸ್ ಸ್ಟ್ಯಾಂಡಿನ ಬಳಿಯ ಟೀ ಅಂಗಡಿಯ ಮುಂದೆ ಈ ಇಬ್ಬರು ಗೆಳೆಯರ ಜೊತೆ ನಿಂತಿದ್ದಾಗ ಅವರು ಬಂದರು. ತಿದ್ದಿದ ಹುಬ್ಬು, ಕತ್ತಿನವರೆಗೆ ಬಿಟ್ಟ ಕೂದಲು. ನನ್ನನ್ನು ನೋಡಿ ನಕ್ಕರು. ಅವರು ಮಾತಾಡಿಸುವ ಮುಂಚೆಯೇ ನಾನು ಏನಾದರೂ ಮಾಡಬೇಕಿತ್ತು. ರಸ್ತೆಗಿಳಿದು, ಟೀ ಅಂಗಡಿಯವನ ಟವಲ್ಲನ್ನು ಸೆರಗಿನಂತೆ ಹೊದ್ದು, ಅವರ ಎದುರಿಗೇ ಅವರಂತೆ ನಡೆದು ತೋರಿಸಿದೆ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀ ಅಂಗಡಿಯವನೂ ನಕ್ಕ. ನನ್ನ ಅಣಕ ಅಷ್ಟು ಚೆನ್ನಾಗಿ ಬಂದಿತ್ತು, ಯಾಕೆಂದರೆ ಕಲಿಸಿದವರು ಅವರೇ.

ಅವರು ನಿಂತು ಪೂರ್ತಿ ನೋಡಿದರು. ಆಮೇಲೆ, "ಎಡಗಾಲು ಮೊದಲು," ಎಂದಷ್ಟೇ ಹೇಳಿ ಬಸ್ಸಿನ ಕಡೆ ಹೋದರು. ಗೆಳೆಯರಿಗೆ ಅದೂ ತಮಾಷೆಯಾಗಿಯೇ ಕಂಡಿತು.

ಆ ಭಾನುವಾರ ಮೋಟರಿನವನ ಓಮ್ನಿಯಲ್ಲಿ ನೊಣವಿನಕೆರೆ ಮೇಲೆ ತುರುವೇಕೆರೆಗೆ ಹೋದೆವು. ಸಂಜೆ ಆರೂವರೆ. ಗೋಡೌನಿನ ಕೆಳಗೆ ಚೀಲಗಳು, ಮೇಲಕ್ಕೆ ಕಬ್ಬಿಣದ ಮೆಟ್ಟಿಲು. ಹಾಲ್‌ನಲ್ಲಿ ನೂರು ಜನವಾದರೂ ಇದ್ದರು. ಅಷ್ಟು ಜನ ಬರುತ್ತಾರೆಂದು ಸಂಘದವರೂ ಅಂದುಕೊಂಡಿರಲಿಲ್ಲವೇನೋ, ಕುರ್ಚಿ ಸಾಲದೆ ಹಿಂದಿದ್ದವರು ಚೀಲ ಹಾಸಿಕೊಂಡು ಕೂತಿದ್ದರು. ನಮಗೆ ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು. ಯಾರ ಮುಖದಲ್ಲೂ ಬೀಳ್ಕೊಡಲು ಬಂದ ಕಳೆ ಇರಲಿಲ್ಲ. ಮೊಬೈಲುಗಳು ಆಗಲೇ ಮೇಲೆದ್ದಿದ್ದವು.

ವೇದಿಕೆಗೆ ಮೊದಲು ಬಂದವರು ಬಸ್ ಕಂಡಕ್ಟರ್ ಕೆಲಸದವರು, ಗುಲಾಬಿ ಸೀರೆ ಉಟ್ಟಿದ್ದರು. ಆಮೇಲೆ ಹಾಲಿನ ಡೇರಿಯವರು. ಇಬ್ಬರೂ ಚೆನ್ನಾಗಿ ಕುಣಿದರು. ಕುಣಿತ ಕಾಣದಷ್ಟು ಶಿಳ್ಳೆ, ಕೂಗಾಟ. ಹಿಂದಿನಿಂದ ಯಾರೋ ಒಂದು ಕೆಟ್ಟ ಮಾತು ಎಸೆದರು. ಮೋಟರಿನವನು ಅದಕ್ಕೆ ಇನ್ನೊಂದು ಸೇರಿಸಿದ. ನಾನು ನೆಲ ನೋಡುತ್ತಾ ಕೂತೆ. ಡೇರಿಯವರ ಕಾಲು ಒಂದು ಕಡೆ ಜಾರಿದಾಗ ಇಡೀ ಸಭೆ ಚಪ್ಪಾಳೆ ಹೊಡೆಯಿತು.

ಕೊನೆಗೆ ಅವರು ಬಂದರು. ಗಿಳಿ ಹಸಿರು ರೇಷ್ಮೆ ಸೀರೆ, ಉದ್ದ ಜಡೆಯ ವಿಗ್ಗು, ಮೂಗುಬೊಟ್ಟು. ಅವರು ಕುಣಿಯಲಿಲ್ಲ. ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದರು. ಅರವತ್ತೆರಡರ ಮಂಡಿಯಲ್ಲಿ ಅದೇ ನಡಿಗೆ. ಒಂದು ಗಳಿಗೆ ಶಿಳ್ಳೆ ನಿಂತಿತು.

ನಂತರ ಸನ್ಮಾನ. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರೊಬ್ಬರು ಅತಿಥಿ. ಇವರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಸೂರು ಪೇಟ ತೊಡಿಸುವ ಹೊತ್ತಿಗೆ ಅತಿಥಿಗೆ ಏನೂ ತೋಚದಂತಾಯಿತು. ಪೇಟ ಹಿಡಿದು ವಿಗ್ಗಿನ ಸುತ್ತ ಎರಡು ಸಲ ಕೈಯಾಡಿಸಿ, ಕೊನೆಗೆ ಅದರ ಮೇಲೇ ಇಟ್ಟುಬಿಟ್ಟರು. ಜಡೆ, ಮೂಗುಬೊಟ್ಟಿನ ಮೇಲೆ ಪೇಟ. ಹಾಲ್‌ನಲ್ಲಿ ನಗು ಸ್ಫೋಟಿಸಿತು. ಅತಿಥಿಯೂ ನಕ್ಕರು.

ಅವರು ಪೇಟ ತೆಗೆದು ಮೇಜಿನ ಮೇಲಿಟ್ಟು ಮೈಕು ಹಿಡಿದರು.

"ಇದು ಗಂಡಸ್ರಿಗೆ ಹಾಕೋದು. ನಾನು ಸೀರೇಲಿದೀನಿ. ಕಣ್ ಕಾಣಲ್ವಾ?" ಎಂದರು. ಆಮೇಲೆ ಜನರ ಕಡೆ ತಿರುಗಿ, "ಶಿಳ್ಳೆ ಹಾಕೋರು ಹಾಕಿ ಮುಗ್ಸಿ. ನಾನು ಕಾಯ್ತೀನಿ."

ಕಾದರು. ನಿಜವಾಗಿಯೂ ಕಾದರು. ಶಬ್ದ ಪೂರ್ತಿ ಅಡಗಿದ ಮೇಲೆ ಮಾತು ಶುರು ಮಾಡಿದರು.

"ನಿಮ್ಗೆಲ್ಲ ವಂದ್ನೆ ಹೇಳಿ ಹೋಗ್ಬೇಕು ಅಂತ ನಮ್ಮೋರು ಹೇಳಿದ್ರು. ವಂದ್ನೆ ಹೇಳೋವಂಥದ್ದು ನೀವೇನ್ ಮಾಡಿದೀರಿ ಅಂತ ನಾನು ಮೂರು ದಿನ ಕೂತು ಯೋಚ್ನೆ ಮಾಡ್ದೆ. ಏನೂ ಸಿಗ್ಲಿಲ್ಲ."

ಜನ ಇದೂ ತಮಾಷೆಯೆಂದು ನಕ್ಕರು. ಅವರು ಕಂಡಕ್ಟರರ ಭುಜ ಹಿಡಿದು ಮುಂದಕ್ಕೆ ತಂದರು.

"ಇವ್ನು ದಿನಾ ನಿಮ್ಗೆ ಟಿಕೀಟು ಕೊಡ್ತಾನೆ. ಇವ್ನ ಮಗಳ್ನ ನೋಡಕ್ಕೆ ಬಂದೋರು ಒಪ್ಕಂಡು ಹೋದ್ರು. ಆಮೇಲೆ, ಅಪ್ಪ ಸೀರೆ ಉಡ್ತಾನಂತೆ, ಸಂಬಂಧ ಬ್ಯಾಡ ಅಂತ ಹೇಳಿ ಕಳಿಸಿದ್ರು. ಕಳಿಸ್ದೋರು ಇಲ್ಲೇ ಮೂರನೇ ಸಾಲಲ್ಲಿ ಕೂತವ್ರೆ. ಅದೇ ಮನೆ ನಾಮಕರಣಕ್ಕೆ ಇವನ್ನೇ ಕರ್ಸಿ ಕುಣಿಸಿದ್ರು. ಊಟಕ್ಕೆ ಮಾತ್ರ ಹಿತ್ಲಲ್ಲಿ ಕೂರ್ಸಿದ್ರು."

ಮೂರನೇ ಸಾಲಿನಲ್ಲಿ ಒಬ್ಬರು ಎದ್ದರು. "ಕೂತ್ಕಳ್ರೀ, ನಿಮ್ದು ಮುಗೀತು," ಎಂದರು ಇವರು. ಎದ್ದವರು ಕೂರಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದರು. ಈಗ ಯಾರೂ ನಗುತ್ತಿರಲಿಲ್ಲ. ಅವರು ಒಬ್ಬೊಬ್ಬರನ್ನೇ ಬೆರಳು ಮಾಡಿ ತೋರಿಸುತ್ತಾ ಬಂದರು. ವೇಷ ಹಾಕಿಕೊಳ್ಳುವ ಬಣ್ಣದ ಮನೆಯ ಕಿಟಕಿಯಿಂದ ಇಣುಕಿ ಫೋಟೋ ತೆಗೆದವನು. ಬಸ್ಸಿನಲ್ಲಿ ಪಕ್ಕದಲ್ಲಿ ಕೂರದೆ ಎದ್ದು ನಿಂತವನು. ಅತಿಥಿಗೂ ಸಿಕ್ಕಿತು, ಓಟಿನ ಪ್ರಚಾರಕ್ಕೆ ಕುಣಿಸಿ, ಗೆದ್ದ ದಿನ ಮನೆ ಬಾಗಿಲಲ್ಲೇ ನಿಲ್ಲಿಸಿದ್ದಕ್ಕೆ. ಬೈಗುಳ ಒಂದೂ ಇರಲಿಲ್ಲ. ದನಿಯನ್ನೂ ಏರಿಸಲಿಲ್ಲ.

ಅವರ ಬೆರಳು ನಮ್ಮ ಸಾಲಿಗೆ ಬಂತು.

"ಮೇಷ್ಟ್ರೇ," ಎಂದರು. "ನಿಮ್ ಕ್ಲಾಸಲ್ಲಿ ನನ್ನ ಮಗಳ ಮಗಳು ಐದಾಳೆ. ನಿಮ್ ತಾತ ನಿಜಕ್ಕೂ ತಾತನೋ ಅಜ್ಜಿಯೋ ಅಂತ ಕೇಳಿದ್ರಂತಲ್ಲ. ಇಡೀ ಕ್ಲಾಸು ನಕ್ತಂತೆ. ಅವತ್ತಿಂದ ಮಗಾ ನಮ್ಮನೆಗೆ ಬಂದಿಲ್ಲ. ಹಬ್ಬಕ್ಕೂ ಬಂದಿಲ್ಲ."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಅದು ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಆ ಮಾತನ್ನು ಅವನೇ ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಹೇಳಿಕೊಂಡು ನಕ್ಕಿದ್ದ. ನಾನೂ ನಕ್ಕಿದ್ದೆ.

ಮುಂದಿನ ಕುರ್ಚಿ ನನ್ನದು. ಅವರು ನನ್ನನ್ನು ನೋಡಿದರು. ಅಂಗಡಿಯ ಮೆಟ್ಟಿಲು ಹತ್ತುವಾಗ ನೋಡುತ್ತಿದ್ದ ಅದೇ ನೋಟ.

"ಇವ್ರು ನೋಟೀಸು ಹೊಡ್ಕೊಡೋರು," ಎಂದರು. "ಅಕ್ಷರ ತಪ್ಪಿಲ್ದಂಗೆ ಹೊಡೀತಾರೆ. ಅಷ್ಟೇ. ಇವ್ರಿಗೆ ಹೇಳಕ್ಕೇನಿಲ್ಲ."

ಬೆರಳು ಮುಂದೆ ಹೋಯಿತು. ಬದುಕಿದೆ ಎಂದುಕೊಂಡೆ. ಆದರೆ ಮರುಗಳಿಗೆಯೇ ಮುಖಕ್ಕೆ ಹೊಡೆಸಿಕೊಂಡಂತಾಯಿತು. ಕಂಡಕ್ಟರರ ಮಗಳ ಸಂಬಂಧ ಮುರಿದವನ ತಪ್ಪನ್ನೂ ಅವರು ಬೆರಳು ಮಾಡಿ ಹೇಳಲು ಯೋಗ್ಯ ಎಂದುಕೊಂಡಿದ್ದರು. ನನ್ನದನ್ನು ಅಷ್ಟಕ್ಕೂ ಎಣಿಸಿರಲಿಲ್ಲ.

ಒಂಬತ್ತಕ್ಕೆಲ್ಲ ಮುಗಿಯಿತು. ಜನ ಮೆಟ್ಟಿಲಿನಲ್ಲಿ ಗೊಣಗುತ್ತಾ, ಬೈಯುತ್ತಾ ಇಳಿದರು. ಯಾರೋ ವೇದಿಕೆಯತ್ತ ಒಂದು ಕುರ್ಚಿಯನ್ನು ಒದ್ದು ಹೋದರು. ಗೆಳೆಯರಿಗೆ ಗಾಡಿ ಹತ್ತಿರ ಬರುತ್ತೇನೆಂದು ಹೇಳಿ ನಾನು ಪರದೆಯ ಹಿಂದಕ್ಕೆ ಹೋದೆ. ಅವರು ಒಬ್ಬರೇ ಕೂತು, ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅರ್ಧ ಮುಖ ರಾಣಿಯದು, ಅರ್ಧ ಮುಖದಲ್ಲಿ ಬಿಳಿ ಗಡ್ಡದ ಕೂಳೆ.

"ಅಕ್ಕಾ," ಎಂದೆ. ಇಪ್ಪತ್ತೈದು ವರ್ಷಗಳ ಮೇಲೆ.

ಅವರು ತಿರುಗಲಿಲ್ಲ. "ಏನ್ ಬೇಕಿತ್ತು ಸಾರ್?"

"ಅವತ್ತು ಟೀ ಅಂಗಡಿ ಮುಂದೆ ನಾನು ಮಾಡಿದ್ದು ತಪ್ಪಾಯ್ತು. ಕ್ಷಮಿಸ್ಬೇಕು. ಇವತ್ತು ನೀವು ಹೇಳ್ದೆ ನನ್ನ ಕಾಪಾಡಿದ್ರಿ."

"ಕಾಪಾಡ್ದೆ ಅಂದ್ಕಂಡ್ರಾ?" ಎಂದು ಬಟ್ಟೆಯನ್ನು ಎಣ್ಣೆಗೆ ಅದ್ದಿದರು. "ಜನ ಇದ್ದಾಗ ಅಣಕಿಸಿದ್ರಿ. ಜನ ಹೋದ್ಮೇಲೆ ಬಂದು ತಪ್ಪಾಯ್ತು ಅಂತೀರಿ. ಮೈಕು ಇನ್ನೂ ಬಿಚ್ಚಿಲ್ಲ. ಕೆಳಗೆ ಅರ್ಧಕ್ಕರ್ಧ ಜನ ಇನ್ನೂ ನಿಂತವ್ರೆ. ಹೋಗಿ ಅದರಲ್ಲಿ ಹೇಳಿ."

ಪರದೆಯ ಸಂದಿಯಿಂದ ಮೈಕು ಕಾಣುತ್ತಿತ್ತು. ಹತ್ತು ಹೆಜ್ಜೆ. ಮೈಕಿನವನು ಒಂದು ಕಡೆಯಿಂದ ವೈರು ಸುತ್ತುತ್ತಿದ್ದ. ನಾನು ನಿಂತೇ ಇದ್ದೆ. ಅವನು ಮೈಕನ್ನೂ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡ.

"ಹೋಗ್ಬನ್ನಿ ಸಾರ್," ಎಂದರು. "ಸೀರೆ ಬಿಚ್ಬೇಕು."

ವಾಪಸು ಬರುವಾಗ ಓಮ್ನಿಯಲ್ಲಿ ಮೇಷ್ಟ್ರು ಉರಿಯುತ್ತಿದ್ದ. ಮೋಟರಿನವನು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ.

"ನಾಳೆ ಒಂದು ಕಂಪ್ಲೇಂಟು ಟೈಪ್ ಮಾಡ್ಕೊಡು," ಎಂದ ಮೇಷ್ಟ್ರು ನನಗೆ. "ನೂರು ಜನರ ಮುಂದೆ ನನ್ನ ಮಾನ ಕಳ್ದವ್ನೆ. ಸ್ಟೇಷನ್‌ಗೆ ಕರೆಸ್ತೀನಿ ಆ ಮುದುಕನ್ನ."

"ನಾನು ಮಾಡ್ಕೊಡಲ್ಲ."

"ಯಾಕೆ?"

"ಅವರು ಹೇಳಿದ್ದು ಸುಳ್ಳಾ?"

"ನಿಂಗೇನು ಬುಡು," ಎಂದ ಮೋಟರಿನವನು, "ನಿಂಗೆ ಸರ್ಟಿಫಿಕೇಟು ಕೊಟ್ನಲ್ಲ, ಅಕ್ಷರ ತಪ್ಪಿಲ್ಲ ಅಂತ. ಅದ್ಕೇ ಅವ್ನ ಪರ."

ಆ ವಿಡಿಯೋ ಅಳಿಸು ಎಂದೆ. ಅವನು ನಕ್ಕು, ಆಗಲೇ ನಾಲ್ಕು ಗ್ರೂಪಿಗೆ ಹಾಕಿಯಾಯಿತು ಎಂದ. ನನಗೇಕೆ ಅಷ್ಟು ಉರಿ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಆಗಲೂ ನಾನು ಹೇಳಲಿಲ್ಲ. ನೊಣವಿನಕೆರೆಯಲ್ಲಿ ಗಾಡಿ ನಿಲ್ಲಿಸು ಎಂದು ಇಳಿದೆ. ಇಳಿದದ್ದು ಸಿಟ್ಟಿನಿಂದ ಎಂದು ಅವರು ತಿಳಿದರು, ನಿಜವಾಗಿ ಹೆದರಿಕೆಯಿಂದ. ಕೊನೆಯ ಬಸ್ಸು ಹಿಡಿದು ಮನೆಗೆ ಬಂದೆ.

ಮೇಷ್ಟ್ರು ಸುಮ್ಮನಾಗಲಿಲ್ಲ. ಬೇರೆಲ್ಲೋ ಅರ್ಜಿ ಬರೆಸಿ ತುರುವೇಕೆರೆಯ ಸ್ಟೇಷನ್ನಿಗೆ ಕೊಟ್ಟ. ಹತ್ತು ದಿನದ ಮೇಲೆ ನನಗೆ ಫೋನು ಮಾಡಿದ. "ನೀನು ಪಕ್ಕದಲ್ಲೇ ಕೂತಿದ್ದೆ. ಆತ ನನ್ನ ಕಡೆ ಬೆರಳು ಮಾಡಿ ಮಾತಾಡಿದ್ದು ನಿಜ ಅಂತ ಸಬ್‌ಇನ್ಸ್‌ಪೆಕ್ಟರ್ ಮುಂದೆ ಹೇಳು, ಸಾಕು. ಇಷ್ಟೂ ಮಾಡದಿದ್ರೆ ನಮ್ಮ ಸ್ನೇಹ ಇಲ್ಲಿಗೆ ಮುಗೀತು."

ಹೋದೆ. ಸ್ಕೂಟರಿನಲ್ಲಿ ಹೋಗುವಾಗ ಏನು ಹೇಳಬೇಕೆಂದು ನಿರ್ಧಾರ ಮಾಡಿರಲಿಲ್ಲ. ಹಾಗೆ ಮಾಡಿದ್ದೆ ಎಂದರೆ ಸುಳ್ಳಾಗುತ್ತದೆ. ಸ್ಟೇಷನ್ನಿನ ಬೆಂಚಿನ ಮೇಲೆ ಅವರು ಪಂಚೆ, ಬಿಳಿ ಅಂಗಿಯಲ್ಲಿ ಕೂತಿದ್ದರು. ಬೆರಳುಗಳ ತುಂಬ ತೆಂಗಿನ ನಾರಿನ ಮಟ್ಟೆಯ ಕಲೆ. ಸುಲಿಯುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು. ಮೇಷ್ಟ್ರು, ಮೋಟರಿನವನು ಕುರ್ಚಿಯಲ್ಲಿದ್ದರು. ಸಬ್‌ಇನ್ಸ್‌ಪೆಕ್ಟರು ನನ್ನಷ್ಟೂ ವಯಸ್ಸಾಗದ ಮನುಷ್ಯ, ವಿಡಿಯೋ ನೋಡಿ ಮುಗಿಸಿದ್ದರು.

"ಏನ್ರೀ, ನೀವು ಸಾಕ್ಷೀನಾ? ಹೇಳಿ."

"ಬೆರಳು ಮಾಡಿ ಹೇಳಿದ್ದು ನಿಜ ಸಾರ್," ಎಂದೆ. "ಹೇಳಿದ ಮಾತೂ ನಿಜ. ಆ ಹುಡುಗಿಗೆ ಕ್ಲಾಸಲ್ಲಿ ಹಂಗೆ ಕೇಳ್ದೆ ಅಂತ ಮೇಷ್ಟ್ರೇ ನನ್ನ ಅಂಗಡೀಲಿ ಕೂತು ಹೇಳಿದ್ರು. ನಾನೂ ನಕ್ಕಿದ್ದೆ."

ಮೇಷ್ಟ್ರು ಎದ್ದುನಿಂತ. "ಲೇ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾತು ಮುಂದಕ್ಕೆ ಹೋಯಿತು. "ಇನ್ನೊಂದು ಸಾರ್. ಬೆಂಚಿನ ಮೇಲೆ ಕೂತಿರೋ ಇವರು ನನಗೆ ಗುರುಗಳು. ಹತ್ತೊಂಬತ್ತನೇ ವಯಸ್ಸಲ್ಲಿ ನಾನು ಸೀರೆ ಉಟ್ಟು ಇವರ ಜೊತೆ ಮೂರು ನಾಟಕದಲ್ಲಿ ಪಾತ್ರ ಮಾಡಿದೀನಿ. ಆಮೇಲೆ ಇವರು ಕಲಿಸಿದ ನಡಿಗೇಲೇ, ರಸ್ತೇಲಿ ಇವರನ್ನ ಅಣಕಿಸ್ದೆ. ಈ ಇಬ್ರೂ ಅಲ್ಲೇ ಇದ್ರು."

ಒಬ್ಬ ಕಾನ್‌ಸ್ಟೇಬಲ್ ಫೈಲಿನಿಂದ ತಲೆ ಎತ್ತಿದ. ಮೋಟರಿನವನ ಬಾಯಿ ತೆರೆದೇ ಇತ್ತು. ಆಮೇಲೆ ಅವನು ನಗಲು ಶುರು ಮಾಡಿದ. "ಎಲ್ಲಿ, ಒಂದ್ ಸಲ ನಡ್ದು ತೋರ್ಸ್ಲಾ," ಎಂದ.

"ಅದಕ್ಕೂ ಈ ಕಂಪ್ಲೇಂಟಿಗೂ ಏನ್ರೀ ಸಂಬಂಧ?" ಎಂದರು ಸಬ್‌ಇನ್ಸ್‌ಪೆಕ್ಟರು.

"ಸಂಬಂಧ ಇಲ್ಲ ಸಾರ್."

ಸಬ್‌ಇನ್ಸ್‌ಪೆಕ್ಟರು ನಮ್ಮೆಲ್ಲರನ್ನೂ ಒಂದು ಸಲ ನೋಡಿ, ಮೇಷ್ಟ್ರಿಗೆ ಹೇಳಿದರು. "ಇದನ್ನ ಮುಂದಕ್ಕೆ ತಗೊಂಡು ಹೋದ್ರೆ ಆ ಹುಡುಗಿ ಹೇಳಿಕೆ ಬರೀಬೇಕಾಗ್ತದೆ. ನಿಮ್ಮ ಹೆಡ್‌ಮಾಸ್ಟರಿಗೂ ಗೊತ್ತಾಗ್ತದೆ. ಏನ್ ಮಾಡ್ಲಿ?"

ಮೇಷ್ಟ್ರು ಅರ್ಜಿ ವಾಪಸು ಪಡೆದು ಸಹಿ ಹಾಕಿದ. ಹೊರಗೆ ಬಂದು, ನನ್ನ ಕಾಲ ಹತ್ತಿರ ಉಗಿದು ಗಾಡಿ ಹತ್ತಿದ. ಇವತ್ತಿನವರೆಗೆ ಇಬ್ಬರೂ ನನ್ನ ಜೊತೆ ಮಾತಾಡಿಲ್ಲ. ಮೋಟರಿನವನು ಊರಿಗೆಲ್ಲ ಹೇಳಿದ. ಕೆಲವು ದಿನ ನಾನು ಬೀದಿಯಲ್ಲಿ ಹೋಗುವಾಗ ಹಿಂದಿನಿಂದ ಬಳೆಯ ಸದ್ದಿನಂತೆ ನಾಲಿಗೆ ಆಡಿಸುವವರಿದ್ದರು. ನನ್ನ ಹೆಂಡತಿಗೆ ವಿಷಯ ಮುಟ್ಟಿದ್ದು ತರಕಾರಿ ಅಂಗಡಿಯಲ್ಲಿ. ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ಮದ್ವೆ ಆಗಿ ಹದಿನೆಂಟು ವರ್ಷ ಆಯ್ತು. ನಂಗೊಬ್ಬಳಿಗಾದ್ರೂ ಹೇಳಕ್ಕೆ ಏನಾಗಿತ್ತು ನಿಮ್ಗೆ?" ಎಂದು ಬೈದಳು. ಸೀರೆ ಉಟ್ಟಿದ್ದಕ್ಕೆ ಅವಳು ಬೈಯಲಿಲ್ಲ.

ಅವತ್ತು ಸ್ಟೇಷನ್ನಿನ ಗೇಟಿನಲ್ಲಿ ಅವರು ಹೊರಗೆ ಬರುವುದನ್ನು ಕಾದು ನಿಂತಿದ್ದೆ. ಬಿಸಿಲು ಜೋರಾಗಿತ್ತು. ಗೋಡೌನಿಗೆ ಒಂದೂವರೆ ಮೈಲಿ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದೆ. ಅವರು ರಸ್ತೆ ನೋಡಿದರು, ಮಂಡಿ ಮುಟ್ಟಿಕೊಂಡರು, ಹಿಂದೆ ಕೂತರು. ದಾರಿಯುದ್ದಕ್ಕೂ ನನ್ನ ಭುಜ ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಿದ್ದರು.

ಗೋಡೌನಿನ ಮುಂದೆ ಇಳಿದರು. ಒಳಗೆ ಸುಲಿಯದ ಕಾಯಿ ಗುಡ್ಡೆ ಬಿದ್ದಿತ್ತು, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯಲ್ಲಿ ಅರ್ಧ ಸುಲಿದ ಕಾಯಿಯೊಂದು ಹಾಗೇ ಸಿಕ್ಕಿಕೊಂಡಿತ್ತು.

"ನೀನು ಹೇಳಿದ್ದು ಕೇಳಿಸ್ತು," ಎಂದರು. "ನಿಂಗೆ ಹಗುರಾಯ್ತಾ?"

"ಹೂಂ," ಎಂದೆ.

"ನಂಗಾಗ್ಲಿಲ್ಲ. ಇನ್ನು ನನ್ನ ಮಾತಾಡಿಸಬ್ಯಾಡ."

ಒಳಗೆ ಹೋಗಿ ಪಂಚೆ ಎತ್ತಿ ಕಟ್ಟಿ, ಆ ಕಾಯಿಯ ಉಳಿದ ಮಟ್ಟೆಯನ್ನು ಒಂದೇ ಏಟಿಗೆ ಕಿತ್ತು ಎಸೆದರು. ನಾನು ಸ್ಕೂಟರ್ ತಿರುಗಿಸಿಕೊಂಡು ಬಂದೆ. ಆಮೇಲೆ ಅವರನ್ನು ಮಾತಾಡಿಸಿಲ್ಲ.